ಅವಿಭಾಜ್ಯ ಸಂಖ್ಯೆಗಳನ್ನೇ ಕೊಡುವ ಸೂತ್ರ ಇದೆಯಾ?

ಪ್ರಶ್ನೆ: ಕ್ಲಾಸಿನಲ್ಲಿ ಸರ್ ಒಂದು ಲೆಕ್ಕ ಕೊಟ್ಟರು. ಒಂದು ಸಂಖ್ಯೆಯ ವರ್ಗ ಮಾಡಿ, ಅದಕ್ಕೆ ಅದೇ ಸಂಖ್ಯೆ ಕೂಡಿಸಿ, ಮೇಲೆ 41 ಸೇರಿಸಬೇಕು. 20ರ ತನಕ ಮಾಡಿ ನೋಡಿದೆ, ಬರೀ ಅವಿಭಾಜ್ಯ ಸಂಖ್ಯೆಗಳೇ ಬಂದವು. ಯಾವಾಗಲೂ ಹೀಗೇ ಬರುತ್ತದಾ?
– ಪಿಯುಸಿ ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಯಾವಾಗಲೂ ಬರುವುದಿಲ್ಲ. ಆದರೆ 20ಕ್ಕೇ ನಿಲ್ಲಿಸಬೇಡಿ, ಮುಂದೆ ಹೋಗಿ. 0ಯಿಂದ 39ರ ತನಕ ಒಂದೂ ತಪ್ಪದೆ ಅವಿಭಾಜ್ಯವೇ ಸಿಗುತ್ತದೆ. 40 ಹಾಕಿದಾಗ ಬರುವುದು 1681. ಅದು 41ರ ವರ್ಗ. ಇದರದೇ ಇನ್ನೊಂದು ರೂಪವನ್ನು ಗಣಿತಜ್ಞ ಆಯ್ಲರ್ 1772ರಲ್ಲಿ ಗಮನಿಸಿದ್ದರು. ಅವರು ಸಂಖ್ಯೆಯನ್ನು ಕೂಡಿಸುವ ಬದಲು ಕಳೆದಿದ್ದರು, ಅಷ್ಟೇ ವ್ಯತ್ಯಾಸ.

ಹೀಗೆ ಎಲ್ಲೋ ಒಂದು ಕಡೆ ಕೆಡುವುದು ಆಕಸ್ಮಿಕವೇನಲ್ಲ. ಅದಕ್ಕೆ ಕಾರಣ ನಿಮ್ಮ ಲೆಕ್ಕದ ಒಳಗೇ ಇದೆ. 1 ಹಾಕಿದರೆ 43 ಬರುತ್ತದೆ, ಅಲ್ವಾ? ಈಗ 1ಕ್ಕೆ 43 ಕೂಡಿಸಿ, 44 ಹಾಕಿ ನೋಡಿ. ಸಿಗುವುದು 2021, ಅಂದರೆ 43 ಗುಣಿಸು 47. ಸಂಖ್ಯೆಯನ್ನು 43ರಷ್ಟು ಮುಂದಕ್ಕೆ ಸರಿಸಿದಾಗ ಉತ್ತರಕ್ಕೆ ಹೊಸದಾಗಿ ಸೇರುವ ಭಾಗ 43ರ ಗುಣಕವೇ ಆಗಿರುತ್ತದೆ. ಮೊದಲಿನ ಉತ್ತರವೂ 43ರಿಂದ ಭಾಗವಾಗುತ್ತಿತ್ತು, ಹಾಗಾಗಿ ಹೊಸದೂ ಆಗುತ್ತದೆ. ಹಾವೇರಿ ಕಡೆಯ ಹಳ್ಳಿಯಲ್ಲಿ ಏಳು ದಿನಕ್ಕೊಮ್ಮೆ ಸಂತೆ ಬಂದ ಹಾಗೆ, 43 ಹೆಜ್ಜೆಗೊಮ್ಮೆ 43ರ ಗುಣಕ ಬಂದೇ ಬರುತ್ತದೆ.

ಈ ಮಾತು ಪೂರ್ಣಾಂಕಗಳಿಂದಲೇ ಕಟ್ಟಿದ ಎಲ್ಲ ಬಹುಪದೋಕ್ತಿಗಳಿಗೂ (ಸಂಖ್ಯೆಯ ಘಾತಗಳನ್ನು ಗುಣಿಸಿ ಕೂಡಿಸಿ ಮಾಡಿದ, ನಿಮ್ಮ ಲೆಕ್ಕದಂಥ ಸೂತ್ರಗಳಿಗೂ) ನಿಲ್ಲುತ್ತದೆ. ಒಮ್ಮೆ ಒಂದು ಅವಿಭಾಜ್ಯ ಕೊಟ್ಟರೆ ಸಾಕು, ಮುಂದೆ ಅದರ ಗುಣಕಗಳನ್ನು ಕೊಡುತ್ತಲೇ ಹೋಗಬೇಕು. ಉತ್ತರಗಳು ದೊಡ್ಡದಾಗುತ್ತಾ ಹೋಗುವುದರಿಂದ ಅವು ಅದೇ ಅವಿಭಾಜ್ಯವಾಗಿ ಉಳಿಯಲೂ ಆಗದು. ಬರೀ ಅವಿಭಾಜ್ಯಗಳನ್ನೇ ಕೊಡುವ ಬಹುಪದೋಕ್ತಿ ಇಲ್ಲ ಎಂದು ಗಣಿತಜ್ಞ ಗೋಲ್ಡ್‌ಬಾಕ್ 1752ರಲ್ಲೇ ತೋರಿಸಿದ್ದರು. ಎರಡೇ ಸಾಲಿನ ಈ ವಾದ ನನಗೆ ತುಂಬಾ ಇಷ್ಟ. ಪಿಯುಸಿ ಪುಸ್ತಕದಲ್ಲಿ ಇದಕ್ಕೆ ಖಂಡಿತ ಜಾಗ ಸಿಗಬೇಕು.

ಹಾಗಾದರೆ 41ರಲ್ಲಿ ಏನು ವಿಶೇಷ? ಅದರ ಬದಲು 17 ಇಟ್ಟು ನೋಡಿ, 0ಯಿಂದ 15ರ ತನಕ ಹೀಗೇ ನಡೆಯುತ್ತದೆ. ಹೀಗೆ 0ಯಿಂದ ತನಗಿಂತ ಎರಡು ಕಡಿಮೆ ಇರುವ ಸಂಖ್ಯೆಯ ತನಕ ತಾಳುವ ಸಂಖ್ಯೆಗಳು 2, 3, 5, 11, 17, 41 ಮಾತ್ರ. 41ಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಹೇಳಲು ಸುಲಭವಾದ ಈ ಮಾತನ್ನು ಸಾಧಿಸಲು 20ನೇ ಶತಮಾನದ ಆಳವಾದ ಗಣಿತ ಬೇಕಾಯಿತು.

ನಿಮಗೆ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದನ್ನು ಕೊಡುತ್ತೇನೆ. ಎಲ್ಲ ಉತ್ತರವೂ ಅವಿಭಾಜ್ಯ ಆಗದಿದ್ದರೆ ಬೇಡ, ಕೊನೆಯಿಲ್ಲದಷ್ಟು ಸಲವಾದರೂ ಆಗುತ್ತದಾ? ವರ್ಗಕ್ಕೆ 1 ಕೂಡಿಸುವ ಸೂತ್ರವನ್ನೇ ತಗೊಳ್ಳಿ. ಅದರಲ್ಲಿ 2, 5, 17, 37, 101, 197, 257 ಎಂಬ ಅವಿಭಾಜ್ಯಗಳು ಸಿಗುತ್ತವೆ. ಈ ಸಾಲು ಎಂದಾದರೂ ಮುಗಿಯುತ್ತದಾ? 1912ರಲ್ಲಿ ಕೇಂಬ್ರಿಡ್ಜ್‌ನಲ್ಲಿ ನಡೆದ ಗಣಿತಜ್ಞರ ಸಮ್ಮೇಳನದಲ್ಲಿ ಲಾಂಡೌ ಇದನ್ನು ಮುಂದಿಟ್ಟರು. ಇವತ್ತಿಗೂ ಉತ್ತರ ಸಿಕ್ಕಿಲ್ಲ. 1978ರಲ್ಲಿ ಗಣಿತಜ್ಞ ಇವಾನಿಯೆಕ್ ಹತ್ತಿರ ಬಂದರು: ಈ ಸೂತ್ರದ ಉತ್ತರ ಒಂದು ಅವಿಭಾಜ್ಯ ಅಥವಾ ಎರಡು ಅವಿಭಾಜ್ಯಗಳ ಗುಣಲಬ್ಧ ಆಗುವುದು ಅನಂತ ಸಲ ಎಂದು ಸಾಧಿಸಿದರು. 'ಎರಡು' ಎಂಬುದನ್ನು 'ಒಂದು' ಮಾಡುವ ಕೆಲಸ ಇನ್ನೂ ಬಾಕಿ ಇದೆ.