ಎಳೆಯ ಕುದುರೆ ಕೊಳ್ಳುವಾಗ ತಳಿಗಾರರನ್ನು ಕೇಳಬೇಕಾದದ್ದು

ಕುಣಿಗಲ್‌ನಂಥ ಸ್ಟಡ್ ಫಾರ್ಮಿನಲ್ಲಿ, ಅಂದರೆ ಕುದುರೆಗಳ ತಳಿ ಬೆಳೆಸುವ ಕೇಂದ್ರದಲ್ಲಿ, ಹುಟ್ಟುವ ಥರೋಬ್ರೆಡ್ (ಪಂದ್ಯದ ಓಟದ ತಳಿ) ಮರಿಗಳು ಸಾಮಾನ್ಯವಾಗಿ ಎರಡು ವರ್ಷ ತುಂಬುವ ಆಸುಪಾಸಿನಲ್ಲಿಯೇ ಮಾರಾಟವಾಗುತ್ತವೆ. ಆ ವಯಸ್ಸಿನಲ್ಲಿ ಕುದುರೆ ನೋಡಲು ಎತ್ತರವಾಗಿ ಬೆಳೆದಿದ್ದರೂ ಅದರ ಎಲುಬುಗಳು ಪೂರ್ತಿ ಬಲಿತಿರುವುದಿಲ್ಲ. ಗೊರಸಿನ ಸಮೀಪದ ಎಲುಬುಗಳು ವರ್ಷ ತುಂಬುವ ಹೊತ್ತಿಗೆ ಉದ್ದವಾಗುವುದನ್ನು ನಿಲ್ಲಿಸುತ್ತವೆ. ಮುಂಗಾಲಿನ ಮಂಡಿಯ ಮೇಲಿರುವ ಎಲುಬಿನ ಕೆಳತುದಿ ಗಟ್ಟಿಯಾಗಲು ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ. ಬೆನ್ನುಮೂಳೆಗೆ ಇನ್ನೂ ಹೆಚ್ಚು ಕಾಲ ಬೇಕು. ಆದ್ದರಿಂದ "ಕಾಲು ಚೆನ್ನಾಗಿದೆಯೇ?" ಎಂದು ಕೇಳಿ "ಚೆನ್ನಾಗಿದೆ" ಎಂಬ ಉತ್ತರ ಪಡೆದರೆ ಕೊಳ್ಳುವವರಿಗೆ ತಿಳಿಯುವುದು ತೀರ ಕಡಿಮೆ. ಪಶುವೈದ್ಯರು ಇಂದಿನ ಸ್ಥಿತಿಯನ್ನು ಪರೀಕ್ಷಿಸಿ ಹೇಳಬಲ್ಲರು. ಹುಟ್ಟಿದಂದಿನಿಂದ ಏನೇನಾಯಿತು ಎಂಬುದನ್ನು ಬಲ್ಲವರು ತಳಿಗಾರರು ಮಾತ್ರ.

ವಿಚಾರಣೆಯನ್ನು ಮರಿ ಹುಟ್ಟಿದ ದಿನದಿಂದಲೇ ಆರಂಭಿಸುವುದು ಒಳ್ಳೆಯದು. ಕುದುರೆಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ. ಅವು ಗಿಣ್ಣು ಹಾಲಿನ ಮೂಲಕವೇ ಬರಬೇಕು, ಅದೂ ಕರುಳು ಅವನ್ನು ಹೀರಿಕೊಳ್ಳಬಲ್ಲ ಮೊದಲ 24 ಗಂಟೆಗಳೊಳಗೆ. ಗಿಣ್ಣು ಸಾಲದೆ ಹೋದ ಮರಿಯಲ್ಲಿ ಸೋಂಕು ರಕ್ತದ ಮೂಲಕ ಹರಡಿ ಕೀಲುಗಳಲ್ಲಿ ನೆಲೆಸುವ ಅಪಾಯವಿದೆ. ಊತ ಇಳಿದ ಮೇಲೂ ಕೀಲಿನ ಮೃದ್ವಸ್ಥಿಗೆ ಆದ ಹಾನಿ ಉಳಿದುಬಿಡಬಹುದು. ಮೊದಲ ತಿಂಗಳಲ್ಲಿ ಯಾವುದಾದರೂ ಕೀಲು ಊದಿತ್ತೇ, ಮರಿ ಕುಂಟಿತ್ತೇ, ಯಾವ ಔಷಧ ಎಷ್ಟು ದಿನ ಕೊಟ್ಟರು ಎಂಬುದನ್ನು ಬಿಡಿಸಿ ಕೇಳಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಆಸ್ಟಿಯೋಕಾಂಡ್ರೋಸಿಸ್ ಎಂಬ ತೊಂದರೆಗೆ. ಎಲುಬಿನ ತುದಿಯ ಮೃದ್ವಸ್ಥಿ ಕ್ರಮೇಣ ಎಲುಬಾಗಿ ಮಾರ್ಪಡುವಾಗ, ಅಲ್ಲಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳಿಗೆ ಧಕ್ಕೆಯಾದರೆ ಅಷ್ಟು ಭಾಗ ಎಲುಬಾಗದೆ ಉಳಿಯುತ್ತದೆ. ಮುಂದೆ ಅದು ಸಡಿಲವಾಗಿ ಚೂರಿನಂತೆ ಕಳಚಿಕೊಳ್ಳಲೂಬಹುದು. ಹಿಂಗಾಲಿನ ಹಾಕ್ (ನಮ್ಮ ಪಾದದ ಗಂಟಿಗೆ ಸಮನಾದದ್ದು) ಮತ್ತು ಸ್ಟೈಫಲ್ (ನಮ್ಮ ಮಂಡಿಗೆ ಸಮನಾದದ್ದು) ಕೀಲುಗಳಲ್ಲಿ ಇದು ಹೆಚ್ಚು. ಹಾಕ್ ಕೀಲಿನಲ್ಲಿ ಸುಮಾರು ಐದು ತಿಂಗಳವರೆಗೆ, ಸ್ಟೈಫಲ್‌ನಲ್ಲಿ ಸುಮಾರು ಎಂಟು ತಿಂಗಳವರೆಗೆ ಎಕ್ಸ್‌ರೇಯಲ್ಲಿ ಕಾಣುವ ದೋಷ ತಾನಾಗಿಯೇ ಸರಿಹೋಗಬಲ್ಲದು. ಆಮೇಲೆ ಉಳಿದದ್ದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹಾಗಾಗಿ ಎಕ್ಸ್‌ರೇ ಇದೆಯೇ ಎಂದು ಕೇಳುವುದರ ಜೊತೆಗೆ ಅದನ್ನು ತೆಗೆದ ದಿನಾಂಕವನ್ನೂ ಕೇಳಿ. ನಾಲ್ಕು ತಿಂಗಳ ಮರಿಯ ಚಿತ್ರದಲ್ಲಿ ಕಂಡ ದೋಷಕ್ಕೆ ಅಂಜಬೇಕಿಲ್ಲ, ಆದರೆ ಆ ವಯಸ್ಸಿನ ಚಿತ್ರವನ್ನು ನಂಬಿ ಕೊಳ್ಳಲೂ ಬಾರದು. ಈ ದೋಷಕ್ಕೆ ಭಾಗಶಃ ಆನುವಂಶಿಕ ಕಾರಣವೂ ಇರುವುದರಿಂದ ಅದೇ ತಾಯಿಯ ಹಿಂದಿನ ಮರಿಗಳ ಕಥೆ ವಿಚಾರಿಸುವುದು ತೀರ ಸಹಜವಾದ ಪ್ರಶ್ನೆ. ತಳಿಗಾರರು ಅದಕ್ಕೆ ಬೇಸರಪಡಬೇಕಾಗಿಲ್ಲ.

ಮೇವಿನ ವಿಚಾರವೂ ಇಲ್ಲಿಗೇ ಬಂದು ಸೇರುತ್ತದೆ. ಧಾನ್ಯ ಹೆಚ್ಚು ತಿನ್ನಿಸಿ ಮಾರಾಟದ ಹೊತ್ತಿಗೆ ಮೈ ತುಂಬಿಸಿದ ಮರಿಯಲ್ಲಿ ಕೀಲಿನ ತೊಂದರೆಗಳ ಸಂಭವ ಹೆಚ್ಚು. ನಮ್ಮ ಕಡೆ ಸುಲಭವಾಗಿ ಸಿಗುವ ಗೋಧಿ ಬೂಸಾದಲ್ಲಿ ರಂಜಕವು ಕ್ಯಾಲ್ಸಿಯಂಗಿಂತ ಸುಮಾರು ಒಂಬತ್ತು ಹತ್ತು ಪಟ್ಟು ಹೆಚ್ಚಿದೆ. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತದೆ. ಬೆಳೆಯುವ ಕುದುರೆಗೆ ಕ್ಯಾಲ್ಸಿಯಂ ರಂಜಕಕ್ಕಿಂತ ಹೆಚ್ಚೇ ಇರಬೇಕು. ಹುರುಳಿ, ಬೂಸಾ, ಹಸಿಹುಲ್ಲು, ಖನಿಜ ಮಿಶ್ರಣ ದಿನಕ್ಕೆ ಎಷ್ಟೆಷ್ಟು ಎಂದು ಕೇಳಿದರೆ ಒಳ್ಳೆಯ ತಳಿಗಾರರು ಲೆಕ್ಕ ತೆಗೆದು ತೋರಿಸುತ್ತಾರೆ.

ಇಷ್ಟಾದ ಮೇಲೆ ಗಟ್ಟಿ ನೆಲದ ಮೇಲೆ ಮರಿಯನ್ನು ಸಡಿಲ ಹಗ್ಗದಲ್ಲಿ ಟ್ರಾಟ್ (ನಿಧಾನದ ಓಟ) ಮಾಡಿಸಿ ನೋಡಬೇಕು. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲ ತಾಗಿದಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ, ಸರಿಯಿರುವ ಕಾಲು ತಾಗಿದಾಗ ತಗ್ಗಿಸುತ್ತದೆ. ಹಗ್ಗ ಬಿಗಿಹಿಡಿದು ಓಡಿಸಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಸೊಟ್ಟ ಕಾಲನ್ನು ನೇರಗೊಳಿಸಲು ಎಳೆತನದಲ್ಲಿ ಸ್ಕ್ರೂ ಹಾಕಿ ತೆಗೆದಿದ್ದರೆ, ಕೀಲಿನಿಂದ ಚೂರು ಹೊರತೆಗೆದಿದ್ದರೆ, ಗಾಯದ ಗುರುತು ಕೂದಲಿನಡಿ ಮುಚ್ಚಿಹೋಗಿರುತ್ತದೆ, ಎಕ್ಸ್‌ರೇ ಕೂಡ ಸ್ವಚ್ಛವಾಗಿ ಬರಬಹುದು. ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು, ಸಾಧ್ಯವಾದರೆ ಫಾರ್ಮಿನ ಪಶುವೈದ್ಯರೊಂದಿಗೆ ನಿಮ್ಮ ವೈದ್ಯರು ನೇರವಾಗಿ ಮಾತನಾಡಲು ಒಪ್ಪಿಗೆಯನ್ನೂ ಕೇಳಬೇಕು. ಆಗಿದೆ ಎಂಬ ಉತ್ತರ ಬಂದ ಮಾತ್ರಕ್ಕೆ ಮರಿಯನ್ನು ಬಿಟ್ಟು ಬರಬೇಕೆಂದು ನನಗನ್ನಿಸುವುದಿಲ್ಲ. ಹಾಕ್ ಕೀಲಿನ ಸಣ್ಣ ಚೂರನ್ನು ಸಕಾಲದಲ್ಲಿ ತೆಗೆಸಿಕೊಂಡ ಕುದುರೆಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಓಡುತ್ತವೆ. ಸ್ಟೈಫಲ್‌ನ ದೊಡ್ಡ ದೋಷವಾದರೆ ಆ ಭರವಸೆ ಕಡಿಮೆ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು.