ಆಕಾಶದಲ್ಲಿ ಉಪಗ್ರಹ ಇರುವಾಗ ನೆಲದಲ್ಲಿ ಇನ್ಸ್‌ಪೆಕ್ಟರ್ ಯಾಕೆ?

ಓದುಗರ ಪ್ರಶ್ನೆ: ಉಪಗ್ರಹದಿಂದ ಕಾರಿನ ನಂಬರ್ ಪ್ಲೇಟೂ ಓದಬಹುದಂತೆ. ಹಾಗಿದ್ದ ಮೇಲೆ ಇರಾನ್ ಅಣುಬಾಂಬ್ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿಗೆ ಇನ್ಸ್‌ಪೆಕ್ಟರ್‌ಗಳೇ ಹೋಗಬೇಕು ಎನ್ನುವುದು ಯಾಕೆ? ಕ್ಷಿಪಣಿ, ಡ್ರೋನ್‌ಗಳನ್ನೂ ಅವರೇ ನೋಡುತ್ತಾರಾ?

ಮೊದಲು ಆ ನಂಬರ್ ಪ್ಲೇಟಿನ ಕತೆ ಮುಗಿಸಿಬಿಡೋಣ. ದುಡ್ಡು ಕೊಟ್ಟರೆ ಸಿಗುವ ಒಳ್ಳೆಯ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲಿನ ಸುಮಾರು 30 ಸೆಂಟಿಮೀಟರ್. ಕಾರು ಕಾಣುತ್ತದೆ, ನಂಬರ್ ಕಾಣುವುದಿಲ್ಲ. ಸೇನೆಗಳ ಬೇಹುಗಾರಿಕೆ ಉಪಗ್ರಹಗಳ ಕಣ್ಣು ಇನ್ನೂ ಚುರುಕು, ಒಪ್ಪೋಣ. ಆದರೆ ಎಷ್ಟು ಚುರುಕಾದರೂ ಅದು ಚಾವಣಿ ತೂರಿ ಒಳಗೆ ಇಳಿಯದು. ಖೋಮ್ ನಗರದ ಹತ್ತಿರದ ಫೋರ್ದೊ ಅಣು ಘಟಕ ಇರುವುದು ಬೆಟ್ಟದ ಹೊಟ್ಟೆಯಲ್ಲಿ. ಮೇಲಿನಿಂದ ಕಾಣುವುದು ಸುರಂಗದ ಬಾಯಿ, ರಸ್ತೆ, ನಿಂತ ಲಾರಿ. ಲಾರಿ ಬಂದಿದ್ದು ಗೊತ್ತಾಗುತ್ತದೆ, ಅದರೊಳಗೆ ಏನಿತ್ತು ಎಂಬುದು ಗೊತ್ತಾಗುವುದಿಲ್ಲ.

ಅಣು ವಿಷಯದಲ್ಲಿ ತಿಳಿಯಬೇಕಾದದ್ದೇ ಅದು. ಗಣಿಯಿಂದ ಬರುವ ಯುರೇನಿಯಂನಲ್ಲಿ ಉಪಯೋಗಕ್ಕೆ ಬರುವ ಯು-235 ಎಂಬ ಬಗೆ ಇರುವುದು ಶೇ 0.7ರಷ್ಟು. ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ ಅದರ ಅನಿಲವನ್ನು ಗಿರಗಿರನೆ ತಿರುಗಿಸಿ ಆ ಪ್ರಮಾಣ ಹೆಚ್ಚಿಸುವುದೇ ಸಂವರ್ಧನೆ. ಅಮೆರಿಕ ಸೇರಿ ಆರು ದೇಶಗಳೊಂದಿಗೆ ಆದ 2015ರ ಅಣು ಒಪ್ಪಂದ ಇರಾನಿಗೆ ಶೇ 3.67ರ ಮಿತಿ ಹಾಕಿತ್ತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರನಡೆಯಿತು. 2021ರ ಏಪ್ರಿಲ್‌ನಲ್ಲಿ ಇರಾನ್ ಶೇ 60 ತಲುಪಿತು. ಬಾಂಬಿಗೆ ಸಾಮಾನ್ಯವಾಗಿ ಹೇಳುವುದು ಶೇ 90. ಶೇ 3.67ರ ಯಂತ್ರಕ್ಕೂ ಶೇ 60ರ ಯಂತ್ರಕ್ಕೂ ಹೊರಗಿನಿಂದ ಯಾವ ವ್ಯತ್ಯಾಸವೂ ಇಲ್ಲ. ಅದೇ ಕಟ್ಟಡ, ಅದೇ ಪೈಪು.

ಹೀಗಾಗಿ ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಕಳಿಸುವ ಈ ಇನ್ಸ್‌ಪೆಕ್ಟರ್‌ಗಳ ಕೆಲಸ ಪತ್ತೇದಾರಿಗಿಂತ ಹೆಚ್ಚಾಗಿ ಲೆಕ್ಕಪತ್ರದ್ದು. ಹಿಂದಿನ ಶಿಲ್ಕು ಎಷ್ಟು, ಜಮಾ ಎಷ್ಟು, ಖರ್ಚೆಷ್ಟು, ಉಳಿದದ್ದು ಎಲ್ಲಿದೆ. ಯುರೇನಿಯಂ ತುಂಬಿದ ಸಿಲಿಂಡರ್ ತೂಗುತ್ತಾರೆ, ಸೀಲ್ ಹಾಕುತ್ತಾರೆ, ಕ್ಯಾಮೆರಾ ಇಟ್ಟು ಬರುತ್ತಾರೆ. ಅವರು ಬಹಳ ಕಾಲ ಬಳಸಿದ ಲೋಹದ ಸೀಲ್ ನೋಡಲು ಅಂಗಿಯ ಗುಂಡಿಯಂಥ ಬಿಲ್ಲೆ. ಅದರ ಒಳಮೈಯ ಗೀರುಗಳನ್ನು ಮೊದಲೇ ಚಿತ್ರ ತೆಗೆದಿಟ್ಟಿರುತ್ತಾರೆ. ಬದಲಿ ಬಿಲ್ಲೆ ಕೂರಿಸಿದರೆ ಗೀರು ಹೊಂದುವುದಿಲ್ಲ.

ಇದಕ್ಕಿಂತ ನನಗೆ ಸೋಜಿಗವೆನಿಸುವುದು ಬಟ್ಟೆ ಚೂರಿನ ಪರೀಕ್ಷೆ. ಅಂಗೈಯಗಲದ ಹತ್ತಿ ಬಟ್ಟೆಯಲ್ಲಿ ಗೋಡೆ, ಪೈಪು, ಕಿಟಕಿಯ ಅಂಚು ಒರೆಸಿ, ಚೀಲದಲ್ಲಿ ಭದ್ರ ಮಾಡಿ ಲ್ಯಾಬಿಗೆ ಕಳಿಸುತ್ತಾರೆ. ಕಣ್ಣಿಗೆ ಕಾಣದ ಒಂದು ಕಣ ಸಿಕ್ಕರೂ ಅದು ಶೇಕಡಾ ಎಷ್ಟರ ಯುರೇನಿಯಂ ಎಂದು ಹೇಳಿಬಿಡುತ್ತಾರೆ. ಟೆಹರಾನಿನಲ್ಲಿ ಕಲಾಯೆ ಎಲೆಕ್ಟ್ರಿಕ್ ಎಂಬ ಜಾಗ ಇತ್ತು, ಹೆಸರಿಗೆ ಗಡಿಯಾರದ ಕಾರ್ಖಾನೆ. 2003ರಲ್ಲಿ ಇನ್ಸ್‌ಪೆಕ್ಟರ್‌ಗಳು ಕೇಳಿದಾಗ ಇರಾನ್ ತಿಂಗಳುಗಟ್ಟಲೆ ಸತಾಯಿಸಿ, ಆಗಸ್ಟ್‌ನಲ್ಲಿ ಒರೆಸಲು ಬಿಟ್ಟಿತು. ಅಷ್ಟರಲ್ಲಿ ಕಟ್ಟಡದ ಒಳಗೆಲ್ಲ ದುರಸ್ತಿ ಆಗಿತ್ತು. ಆದರೂ ಕಣಗಳು ಸಿಕ್ಕವು. ಅಲ್ಲಿ ಸೆಂಟ್ರಿಫ್ಯೂಜ್‌ಗಳನ್ನು ಯುರೇನಿಯಂ ಅನಿಲದಲ್ಲಿ ಪರೀಕ್ಷಿಸಿದ್ದು ನಿಜ ಎಂದು ಅಕ್ಟೋಬರ್‌ನಲ್ಲಿ ಇರಾನ್ ಒಪ್ಪಿಕೊಂಡಿತು.

ಹಾಗೆಂದು ಕಣ ಸಿಕ್ಕಿದ ಕೂಡಲೇ ಕಳ್ಳ ಸಿಕ್ಕ ಎಂದೂ ಅಲ್ಲ. ಆಗ ಸಿಕ್ಕ ಹೆಚ್ಚು ಸಂವರ್ಧಿತ ಕಣಗಳಲ್ಲಿ ಬಹುಪಾಲು ಪಾಕಿಸ್ತಾನ ಮೂಲದ ಹಳೆಯ ಸೆಂಟ್ರಿಫ್ಯೂಜ್ ಬಿಡಿಭಾಗಗಳಿಗೆ ಅಂಟಿಕೊಂಡು ಬಂದವು ಎಂಬ ಇರಾನಿನ ಮಾತಿಗೆ ಮುಂದೆ ಪರೀಕ್ಷೆಯ ಬೆಂಬಲವೂ ಸಿಕ್ಕಿತು. 2023ರ ಜನವರಿಯಲ್ಲಿ ಫೋರ್ದೊದಲ್ಲಿ ಶೇ 83.7ರ ಕಣಗಳು ಸಿಕ್ಕಾಗಲೂ ಹೀಗೇ ಆಯಿತು. ಪತ್ರಿಕೆಗಳಲ್ಲಿ ಬಾಂಬ್ ಬಂದೇಬಿಟ್ಟಿತು ಎಂಬಂಥ ಗದ್ದಲ. ಉತ್ಪಾದನೆಯ ಏರುಪೇರಿನಿಂದ ಹಾಗಾಯಿತು ಎಂಬ ಇರಾನಿನ ವಿವರಣೆ ಡೇಟಾಕ್ಕೆ ವಿರುದ್ಧವಾಗಿಲ್ಲ ಎಂದು ಕೆಲವು ತಿಂಗಳ ನಂತರ ಸಂಸ್ಥೆಯೇ ಹೇಳಿತು. ಆ ಸುದ್ದಿ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ.

ಕ್ಷಿಪಣಿಯ ಕತೆ ಬೇರೆ. ಕ್ಷಿಪಣಿ ಕಾರ್ಖಾನೆಗೆ ಹೋಗಿ ಬಾಗಿಲು ತಟ್ಟುವ ಅಧಿಕಾರ ಈ ಇನ್ಸ್‌ಪೆಕ್ಟರ್‌ಗಳಿಗಿಲ್ಲ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಂಥದ್ದು ಕ್ಷಿಪಣಿಗೆ ಇಲ್ಲವೇ ಇಲ್ಲ. 1987ರಲ್ಲಿ ಹುಟ್ಟಿದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ ಇದೆ, ಆದರೆ ಅದು ಮಾರುವವರು ತಮ್ಮತಮ್ಮಲ್ಲೇ ಮಾಡಿಕೊಂಡ ಕಟ್ಟುಪಾಡು. ಇರಾನ್ ಅದರಲ್ಲಿಲ್ಲ. ಆದರೆ ಕ್ಷಿಪಣಿ ಹಾರಬೇಕಾದರೆ ಉರಿಯಲೇಬೇಕು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಅಮೆರಿಕದ ಶಾಖಗ್ರಾಹಿ ಉಪಗ್ರಹಗಳು ಆ ಉರಿಯನ್ನು ಹಿಡಿಯುತ್ತವೆ. ಹಾರಿಸದೆ ಎಂಜಿನ್ನನ್ನು ನೆಲಕ್ಕೆ ಬಿಗಿದು ಪರೀಕ್ಷಿಸಿದರೂ ಮಣ್ಣಿನ ಮೇಲೆ ಸುಟ್ಟ ಕಲೆ ಉಳಿಯುತ್ತದೆ. ಇರಾನಿನ ಶಾಹ್ರುದ್ ಹತ್ತಿರದ ಘನ ಇಂಧನ ಕ್ಷಿಪಣಿ ಕೇಂದ್ರದ ಬಗ್ಗೆ ಹೊರಗಿನ ಸಂಶೋಧಕರು ಬರೆದದ್ದು ಇಂಥ ಕಲೆಗಳನ್ನು ನೋಡಿಯೇ. ಇಲ್ಲಿ ನಿಮ್ಮ ಉಪಗ್ರಹಕ್ಕೆ ಪೂರ್ತಿ ಅಂಕ.

ಡ್ರೋನ್‌ಗೆ ಅದೂ ಇಲ್ಲ. ಇರಾನಿನ ಶಾಹೆದ್-136 ಡ್ರೋನ್ ಮೂರೂವರೆ ಮೀಟರ್ ಉದ್ದದ ತ್ರಿಕೋನ, ಬೆನ್ನಿಗೆ ಒಂದು ಸಣ್ಣ ಪೆಟ್ರೋಲ್ ಎಂಜಿನ್. ಯಾವ ಶೆಡ್ಡಿನಲ್ಲಾದರೂ ಜೋಡಿಸಬಹುದು, ಲಾರಿಯ ಮೇಲಿಂದ ಹಾರಿಸಬಹುದು. ಇದರ ಗುಟ್ಟು ಸಾಮಾನ್ಯವಾಗಿ ಬಯಲಾಗುವುದು ಬಿದ್ದ ಮೇಲೆ. 2022ರ ಸೆಪ್ಟೆಂಬರ್‌ನಿಂದ ರಷ್ಯಾ ಹಾರಿಸಿ ಉಕ್ರೇನಿನಲ್ಲಿ ಬಿದ್ದವುಗಳ ಮೈಮೇಲೆ ರಷ್ಯನ್ ಲಿಪಿಯಲ್ಲಿ ಗೆರಾನ್-2 ಎಂದು ಬರೆದಿತ್ತು. ಇರಾನ್ ತಾನು ರಷ್ಯಾಕ್ಕೆ ಕೊಟ್ಟೇ ಇಲ್ಲ ಎಂದಿತು. ಪರಿಣತರು ರೆಕ್ಕೆಯ ಆಕಾರ, ಎಂಜಿನ್, ಚಿಪ್ ಎಲ್ಲವನ್ನೂ ಪಶ್ಚಿಮ ಏಷ್ಯಾದಲ್ಲಿ ಮೊದಲೇ ಸಿಕ್ಕಿದ್ದ ಅವಶೇಷಗಳ ಪಕ್ಕದಲ್ಲಿಟ್ಟು ತೋರಿಸಿದರು. ನವೆಂಬರ್‌ನಲ್ಲಿ ಇರಾನಿನ ವಿದೇಶಾಂಗ ಸಚಿವರು, ಕೊಟ್ಟಿದ್ದು ಹೌದು, ಆದರೆ ಸ್ವಲ್ಪವೇ, ಅದೂ ಯುದ್ಧಕ್ಕೆ ಮೊದಲು ಎಂದರು.

ಮತ್ತೆ ನಿಮ್ಮ ಮೊದಲ ಪ್ರಶ್ನೆಗೆ. 2025ರ ಜೂನ್ 13ರಂದು ಇಸ್ರೇಲ್ ದಾಳಿ ಶುರುಮಾಡಿದಾಗ ಇರಾನಿನ ಬಳಿ ಶೇ 60ರ ಯುರೇನಿಯಂ 440.9 ಕೆಜಿ ಇತ್ತೆಂದು ಸಂಸ್ಥೆಯ ಅಂದಾಜು. ಇನ್ನಷ್ಟು ಸಂವರ್ಧಿಸಿದರೆ ಸಂಸ್ಥೆಯ ಅಳತೆಗೋಲಿನ ಪ್ರಕಾರ ಸುಮಾರು ಹತ್ತು ಬಾಂಬಿಗೆ ಸಾಕಾಗುವ ಸರಕು. ಇದನ್ನು ತುಂಬಿಡುವ ಸಿಲಿಂಡರ್‌ಗಳು ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವಷ್ಟು ದೊಡ್ಡವು, ಅಷ್ಟೇ. ಜೂನ್ 22ರಂದು ಅಮೆರಿಕ ಇರಾನಿನ ಅಣು ಘಟಕಗಳಿರುವ ಫೋರ್ದೊ, ನತಾಂಜ್, ಇಸ್ಫಹಾನ್‌ಗಳ ಮೇಲೆ ಬಾಂಬ್ ಹಾಕಿತು. ಜುಲೈ 2ಕ್ಕೆ ಇರಾನ್ ಸಂಸ್ಥೆಯೊಂದಿಗಿನ ಸಹಕಾರ ನಿಲ್ಲಿಸುವ ಕಾನೂನು ಜಾರಿಗೆ ತಂದಿತು. ಬಾಂಬ್ ಬಿದ್ದ ಗುಂಡಿಗಳನ್ನು ಉಪಗ್ರಹಗಳು ದಾಳಿಯ ದಿನವೇ ತೋರಿಸಿದವು. ಸಿಲಿಂಡರ್‌ಗಳು ಒಳಗೇ ಹೂತುಹೋದವೋ, ಮೊದಲೇ ಬೇರೆಡೆ ಸಾಗಿದ್ದವೋ ಎಂಬುದನ್ನು ತೋರಿಸಲಿಲ್ಲ.

ಇನ್ಸ್‌ಪೆಕ್ಟರ್‌ಗಳು ಹೋಗಿ ತೂಗಿದರೂ ಸರಿಹೋಗುವುದು ಯುರೇನಿಯಂನ ಲೆಕ್ಕ ಮಾತ್ರ. ಸೆಂಟ್ರಿಫ್ಯೂಜ್ ತಯಾರಿಕೆಯ ಲೆಕ್ಕ ಇರಾನ್ 2021ರ ಫೆಬ್ರುವರಿಯಲ್ಲಿ ಹೆಚ್ಚುವರಿ ತಪಾಸಣೆಗಳನ್ನು ನಿಲ್ಲಿಸಿದಾಗಲೇ ಕೈತಪ್ಪತೊಡಗಿತ್ತು. 2022ರ ಜೂನ್‌ನಲ್ಲಿ ಸಂಸ್ಥೆಯ 27 ಕ್ಯಾಮೆರಾಗಳನ್ನೂ ಕಳಚಲಾಯಿತು. ಅಂದಿನಿಂದ ಎಷ್ಟು ಯಂತ್ರ ತಯಾರಾದವು, ಎಲ್ಲಿ ಇಟ್ಟಿದ್ದಾರೆ ಎಂಬ ಕಲಂ ಖಾಲಿಯಾಗಿದೆ. ಅದನ್ನು ಇನ್ನು ತುಂಬಲು ಸಾಧ್ಯವಿಲ್ಲ ಎಂದು ಸಂಸ್ಥೆಯೇ ತನ್ನ ವರದಿಗಳಲ್ಲಿ ಬರೆದಿದೆ.