‘ಆಡಿಷನ್’ ನೋಡುತ್ತಾ ಎದ್ದುಹೋದವರು: ಪ್ರೇಕ್ಷಕ ಪ್ರತಿಕ್ರಿಯೆ ಘಟಕಕ್ಕೆ ಒಂದಿಷ್ಟು ಟಿಪ್ಪಣಿ

ಸಿನಿಮಾ ಅಧ್ಯಯನದ ‘ಪ್ರೇಕ್ಷಕ ಪ್ರತಿಕ್ರಿಯೆ’ ಘಟಕಕ್ಕೆ ಉದಾಹರಣೆ ಹುಡುಕುತ್ತಿರುವವರಿಗೆ ಜಪಾನಿನ ನಿರ್ದೇಶಕ ತಕಾಶಿ ಮೀಕೆಯ ‘ಆಡಿಷನ್’ಗಿಂತ (1999) ಒಳ್ಳೆಯದು ಸಿಗುವುದು ಕಷ್ಟ. ಜನ ಅರ್ಧಕ್ಕೇ ಎದ್ದುಹೋದದ್ದು, ತಲೆಸುತ್ತಿ ಬಿದ್ದದ್ದು, ನಿರ್ದೇಶಕನ ಮುಖಕ್ಕೇ ಬೈದದ್ದು, ವಿಮರ್ಶಕರು ಕರೆದು ಪ್ರಶಸ್ತಿ ಕೊಟ್ಟದ್ದು, ಎಲ್ಲವೂ ಇದೊಂದೇ ಚಿತ್ರಕ್ಕೆ. ಕೆಳಗೆ ಕಥೆಯನ್ನು ಕೊನೆಯವರೆಗೂ ಹೇಳಿಬಿಡುತ್ತೇನೆ. ನೋಡಬೇಕೆಂದಿರುವವರು ಮೊದಲು ನೋಡಿ ಬನ್ನಿ. ಸೂಜಿ, ರಕ್ತ ಕಂಡರೆ ಆಗದವರು ನೋಡದೆಯೇ ಓದಿಕೊಂಡರೂ ನಡೆಯುತ್ತದೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ನಡೆದದ್ದೇನು

ಚಿತ್ರದ ಮೊದಲ ಪ್ರದರ್ಶನ 1999ರ ಅಕ್ಟೋಬರಿನಲ್ಲಿ, ಕೆನಡಾದ ವ್ಯಾಂಕೂವರ್ ಚಿತ್ರೋತ್ಸವದಲ್ಲಿ. ದೊಡ್ಡ ಗದ್ದಲ ಎದ್ದದ್ದು 2000ದ ಆರಂಭದಲ್ಲಿ, ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಉತ್ಸವದಲ್ಲಿ. ಅಲ್ಲಿ ಚಿತ್ರದ ನಡುವೆಯೇ ಹೊರನಡೆದವರ ಸಂಖ್ಯೆ ಆ ಉತ್ಸವದ ಮಟ್ಟಿಗೆ ದಾಖಲೆ ಎಂದು ಸುದ್ದಿಯಾಯಿತು. ಸಿಟ್ಟಿಗೆದ್ದ ಮಹಿಳೆಯೊಬ್ಬರು ಮೀಕೆಯ ಬಳಿ ಬಂದು ‘ನೀನು ದುಷ್ಟ’ ಎಂದು ಕೂಗಿದ್ದು ಇಂದಿಗೂ ಈ ಚಿತ್ರದ ಬಗ್ಗೆ ಬರೆಯುವವರೆಲ್ಲ ಎತ್ತಿಕೊಳ್ಳುವ ಪ್ರಸಂಗ. ಅದೇ ಊರಲ್ಲಿ, ಅದೇ ಉತ್ಸವದಲ್ಲಿ, ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಪ್ರೆಸ್ಕಿ ತನ್ನ ಪ್ರಶಸ್ತಿಯನ್ನು ಈ ಚಿತ್ರಕ್ಕೇ ಕೊಟ್ಟಿತು. ಜಪಾನಿನಲ್ಲಿ ಚಿತ್ರ ಬಿಡುಗಡೆಯಾದದ್ದು 2000ದ ಮಾರ್ಚಿನಲ್ಲಿ. ಮರುವರ್ಷ ಐರ್ಲೆಂಡಿನ ಡಬ್ಲಿನ್‌ನಲ್ಲಿ ಪ್ರದರ್ಶನವಾದಾಗ ಕೆಲವರು ಕುಸಿದು ಬಿದ್ದರೆಂಬ ವರದಿಗಳು ಬಂದವು.

ಎದ್ದುಹೋಗುವುದು, ಬೈಯುವುದು, ಮೂರ್ಛೆ ಹೋಗುವುದು, ಈ ಮೂರನ್ನೂ ‘ಜನ ಬೆಚ್ಚಿಬಿದ್ದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಉತ್ತರಗಳೇ ಹೆಚ್ಚು. ಹಾಗೆ ಬರೆದರೆ ಹೇಳಬೇಕಾದದ್ದೇ ಬಿಟ್ಟುಹೋಗುತ್ತದೆ. ಎದ್ದುಹೋಗುವುದು ಒಂದು ತೀರ್ಮಾನ. ಬೈಯುವುದು ನೈತಿಕ ಆಕ್ಷೇಪ. ಮೂರ್ಛೆ ದೇಹದ ಕೆಲಸ, ಅದರಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಚಿತ್ರವನ್ನು ತುಂಬ ಮೆಚ್ಚಿಕೊಂಡು ನೋಡುತ್ತಿದ್ದವನೂ ಕುಸಿಯಬಹುದು.

ಮೊದಲ ಮುಕ್ಕಾಲು ಗಂಟೆ

ಮೂಲ ಕಾದಂಬರಿ ರ್ಯೂ ಮುರಕಾಮಿಯದು (1997). ಚಿತ್ರಕಥೆ ಡೈಸುಕೆ ಟೆಂಗನ್ ಅವರದು. ಹಿರಿಯ ನಿರ್ದೇಶಕ ಶೋಹೆ ಇಮಾಮುರಾ ಅವರ ಮಗ ಈತ. 1998ರಲ್ಲಿ ‘ರಿಂಗು’ ಚಿತ್ರ ಗೆದ್ದು ಜಪಾನಿನ ಹಾರರ್‌ಗೆ ಒಳ್ಳೆಯ ಮಾರುಕಟ್ಟೆ ತೆರೆದಿತ್ತು. ಅದನ್ನು ಮಾಡಿದ ಒಮೆಗಾ ಪ್ರಾಜೆಕ್ಟ್ ಸಂಸ್ಥೆಯೇ ಇದಕ್ಕೂ ಕೈ ಹಾಕಿತು.

ಆದರೆ ‘ಆಡಿಷನ್’ ಶುರುವಾಗುವ ರೀತಿಯಲ್ಲಿ ಹಾರರ್‌ನ ಸುಳಿವೇ ಇಲ್ಲ. ಆಸ್ಪತ್ರೆಯಲ್ಲಿ ಹೆಂಡತಿ ಸಾಯುತ್ತಾಳೆ. ಏಳು ವರ್ಷ ಕಳೆಯುತ್ತದೆ. ಅಪ್ಪ ಅವೊಯಾಮಾ (ರ್ಯೋ ಇಶಿಬಾಶಿ) ಮಗನ ಜೊತೆ ಮೀನು ಹಿಡಿಯುತ್ತಾನೆ, ಅಡುಗೆ ಮಾಡುತ್ತಾನೆ. ‘ಇನ್ನೊಂದು ಮದುವೆಯಾಗಪ್ಪ’ ಎಂದು ಮಗನೇ ಹೇಳುತ್ತಾನೆ. ಸಿನಿಮಾದವನಾದ ಗೆಳೆಯ ಯೋಶಿಕಾವಾ ಒಂದು ಉಪಾಯ ಹೂಡುತ್ತಾನೆ: ಯಾವುದೋ ಚಿತ್ರಕ್ಕೆ ನಾಯಕಿ ಬೇಕೆಂದು ಆಡಿಷನ್ ಕರೆಯೋಣ, ಬಂದವರಲ್ಲಿ ನಿನಗೆ ಹೆಂಡತಿಯನ್ನು ಆರಿಸಿಕೋ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುರ್ಚಿಯಲ್ಲಿ ಕೂತು ಉತ್ತರ ಹೇಳುವ ದೃಶ್ಯಗಳನ್ನು ತಮಾಷೆಯ ಲಯದಲ್ಲಿ ಕತ್ತರಿಸಿ ಜೋಡಿಸಿದ್ದಾರೆ. ಥಿಯೇಟರಿನಲ್ಲಿ ನಗು ಬರುವುದು ಇಲ್ಲೇ.

ಆ ನಗುವನ್ನು ಗುರುತು ಹಾಕಿಕೊಳ್ಳಿ. ಅಪ್ಪ ಒಳ್ಳೆಯವನು, ಒಂಟಿ, ಪಾಪ ಎನಿಸುತ್ತಿರುವಾಗಲೇ ಅವನು ಮಾಡುತ್ತಿರುವುದು ಶುದ್ಧ ಮೋಸ. ಕೆಲಸದ ಆಸೆಯಿಂದ ಬಂದ ಹೆಣ್ಣುಮಕ್ಕಳನ್ನು ಅವರಿಗೇ ಗೊತ್ತಿಲ್ಲದಂತೆ ವಧುಪರೀಕ್ಷೆಗೆ ಕೂರಿಸಿದ್ದಾನೆ. ನಾವು ನಕ್ಕು ಅದಕ್ಕೆ ಸಹಿ ಹಾಕಿರುತ್ತೇವೆ. ಕೊನೆಯ ಭಾಗದಲ್ಲಿ ಕೆಲವರಿಗೆ ಬರುವ ಸಿಟ್ಟಿನ ಬೇರು ಇಲ್ಲಿದೆ ಎಂದು ನನ್ನ ಅಂದಾಜು. ಆ ಸಿಟ್ಟು ರಕ್ತಕ್ಕಷ್ಟೇ ಬಂದದ್ದಾದರೆ ನಿರ್ದೇಶಕನನ್ನು ಹುಡುಕಿಕೊಂಡು ಹೋಗಿ ಬೈಯುವ ಮಟ್ಟಕ್ಕೆ ಏರುವುದಿಲ್ಲ. ರಕ್ತ ಹರಿಸುವ ಚಿತ್ರಗಳಿಗೆ ಯಾವ ಕಾಲದಲ್ಲೂ ಬರವಿರಲಿಲ್ಲ.

ಗೋಣಿಚೀಲ

ಅವೊಯಾಮಾ ಆರಿಸಿಕೊಳ್ಳುವುದು ಅಸಾಮಿಯನ್ನು (ಎಯ್ಹಿ ಶೀನಾ). ಪೆಟ್ಟಾಗಿ ಬ್ಯಾಲೆ ನೃತ್ಯ ಬಿಡಬೇಕಾಗಿ ಬಂದವಳು, ಬಿಳಿ ಉಡುಪು, ತಗ್ಗಿದ ದನಿ. ಅವಳು ಕೊಟ್ಟ ವಿವರಗಳು ತಾಳೆಯಾಗುತ್ತಿಲ್ಲ ಎಂದು ಗೆಳೆಯ ಎಚ್ಚರಿಸಿದ ಮೇಲೆ ಅವೊಯಾಮಾ ಕೆಲವು ದಿನ ಫೋನ್ ಮಾಡದೆ ತಡೆದುಕೊಳ್ಳುತ್ತಾನೆ. ನಡುವೆ ಅವಳ ಕೋಣೆ ಕಾಣುತ್ತದೆ. ಸಾಮಾನೇ ಇಲ್ಲದ ಖಾಲಿ ಕೋಣೆ. ನೆಲದ ಮೇಲೆ ಫೋನ್. ಅದರ ಬಳಿ ಬೆನ್ನು ಬಾಗಿಸಿ, ಕೂದಲು ಮುಖಕ್ಕೆ ಇಳಿಬಿಟ್ಟು ಕೂತ ಅಸಾಮಿ. ಹಿಂದೆ ಬಾಯಿ ಕಟ್ಟಿದ ದೊಡ್ಡದೊಂದು ಗೋಣಿಚೀಲ. ಕೊನೆಗೂ ಅವನು ತಡೆಯಲಾರದೆ ನಂಬರ್ ತಿರುಗಿಸುತ್ತಾನೆ. ಗಂಟೆ ಬಾರಿಸುತ್ತದೆ. ಅವಳ ತುಟಿ ನಿಧಾನವಾಗಿ ಅಗಲವಾಗುತ್ತದೆ. ಆಗ ಚೀಲ ಒಮ್ಮೆಲೇ ಹೊರಳಿ, ಒಳಗಿಂದ ಗುರುಗುಟ್ಟುವ ಸದ್ದು ಬರುತ್ತದೆ.

ರಕ್ತ ಒಂದು ಹನಿಯೂ ಇಲ್ಲ. ಆದರೂ ಚಿತ್ರ ನೋಡಿದವರನ್ನು ಕೇಳಿ, ಕೊನೆಯಲ್ಲಿ ಬರುವ ಸೂಜಿಯ ದೃಶ್ಯ ಬಿಟ್ಟರೆ ಅವರು ಹೇಳುವುದು ಈ ಚೀಲವನ್ನೇ. ಈ ದೃಶ್ಯಕ್ಕೆ ಮುಂಚೆ ನಮಗೂ ಅವೊಯಾಮಾಗೂ ಗೊತ್ತಿದ್ದದ್ದು ಒಂದೇ. ಇದರ ನಂತರ ನಮಗೆ ಅವನಿಗಿಂತ ಹೆಚ್ಚು ಗೊತ್ತು. ಇಲ್ಲಿಂದ ಮುಂದೆ ಅವನು ಅವಳಿಗೆ ಪ್ರೀತಿಯಿಂದ ಆಡುವ ಒಂದೊಂದು ಮಾತೂ ಬೇರೆ ಕಿವಿಯಲ್ಲಿ ಕೇಳತೊಡಗುತ್ತದೆ. ಸಸ್ಪೆನ್ಸ್ ಎಂಬ ಪದಕ್ಕೆ ಪಠ್ಯದಲ್ಲಿ ಕೊಟ್ಟಿರುವ ವ್ಯಾಖ್ಯೆಗೆ ಈ ಒಂದು ಶಾಟ್ ಬರೆದರೆ ಸಾಕು.

ಸೂಜಿಯ ದೃಶ್ಯ ಮತ್ತು ಮೂರ್ಛೆ

ಕೊನೆಯ ಭಾಗದಲ್ಲಿ ಅಸಾಮಿ ಅವನ ಮದ್ಯಕ್ಕೆ ಮದ್ದು ಬೆರೆಸುತ್ತಾಳೆ. ಕೈಕಾಲು ಆಡದಂತೆ ಮಾಡುವ, ಆದರೆ ನೋವು ಪೂರ್ತಿ ತಿಳಿಯುವಂಥ ಚುಚ್ಚುಮದ್ದನ್ನು ನಾಲಿಗೆಗೆ ಕೊಡುತ್ತಾಳೆ. ಕಪ್ಪು ಕೈಗವಸು, ಮುಂದೆ ಏಪ್ರನ್. ಹೊಟ್ಟೆಯ ಮೇಲೆ ಉದ್ದನೆಯ ತೆಳ್ಳನೆಯ ಸೂಜಿಗಳನ್ನು ಒಂದೊಂದಾಗಿ ಇಳಿಸುತ್ತಾಳೆ, ಆಮೇಲೆ ಕಣ್ಣಿನ ಕೆಳಗೆ. ಪ್ರತಿ ಸೂಜಿಗೂ ‘ಕಿರಿ ಕಿರಿ ಕಿರಿ’ (ಜಪಾನಿ ಭಾಷೆಯಲ್ಲಿ ಚುಚ್ಚುವ ನೋವಿಗೆ ಬಳಸುವ ಅನುಕರಣ ಶಬ್ದ) ಎಂದು ಮಗುವಿಗೆ ಹಾಡುವ ದನಿ. ಕೊನೆಗೆ ತಂತಿಯಿಂದ ಎಡಗಾಲಿನ ಪಾದವನ್ನು ಕತ್ತರಿಸುತ್ತಾಳೆ. ಪಾದ ಗಾಜಿನ ಬಾಗಿಲಿಗೆ ಬಡಿದು ಬೀಳುತ್ತದೆ.

ಎರಡನೇ ಬಾರಿ ನೋಡುವವರು ಸದ್ದು ಬಂದ್ ಮಾಡಿ ನೋಡಿ. ಕ್ಯಾಮೆರಾ ಎಷ್ಟೋ ಹೊತ್ತು ಗಾಯದ ಮೇಲಿಲ್ಲ, ಅಸಾಮಿಯ ಮುಖದ ಮೇಲಿದೆ, ಆ ಮುಖದಲ್ಲಿ ಸಿಟ್ಟಿಲ್ಲ. ಮನೆಗೆಲಸವನ್ನು ಇಷ್ಟಪಟ್ಟು ಮಾಡುವವರ ಏಕಾಗ್ರತೆ ಇದೆ. ಅರ್ಧಕ್ಕರ್ಧ ಹಿಂಸೆ ಕಿವಿಯಿಂದ ಒಳಗೆ ಬಂದಿರುತ್ತದೆ, ತಂತಿ ಉಜ್ಜುವ ಸದ್ದಿನಿಂದ ಮುಖ್ಯವಾಗಿ. ಕಣ್ಣು ಮುಚ್ಚಿಕೊಂಡವರಿಗೂ ಬಿಡುಗಡೆ ಸಿಗದಿರುವುದು ಇದರಿಂದಲೇ.

ಈಗ ಮೂರ್ಛೆಯ ವಿಷಯ. ಇದು ನಮ್ಮ ಪಠ್ಯದಲ್ಲಿ ಇಲ್ಲ, ಆದರೆ ಇರಬೇಕಿತ್ತು. ಹಾವು, ಎತ್ತರ, ಕತ್ತಲೆ ಇವುಗಳ ಭಯದಲ್ಲಿ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಆ ಸ್ಥಿತಿಯಲ್ಲಿ ಮೂರ್ಛೆ ಹೋಗುವುದು ವಿರಳ. ರಕ್ತ, ಗಾಯ, ಸೂಜಿಯ ಭಯ ಮಾತ್ರ ಬೇರೆ ಜಾತಿಯದು. ಮೊದಲು ಎರಡೂ ಏರುತ್ತವೆ, ಮರುಕ್ಷಣ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವದಿಂದ ಎದೆಬಡಿತ ಇಳಿದು, ರಕ್ತನಾಳಗಳು ಸಡಿಲಗೊಂಡು, ಒತ್ತಡ ಧೊಪ್ಪನೆ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಇಂಥ ತೀವ್ರ ಭಯ ಇರುವವರು ನೂರಕ್ಕೆ ಮೂರ್ನಾಲ್ಕು ಮಂದಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಮುನ್ನೂರು ಸೀಟಿನ ಹಾಲ್ ಎಂದಿಟ್ಟುಕೊಂಡರೆ ಹತ್ತು ಜನವಾಯಿತು. ಅವರ ಎದುರು ದೊಡ್ಡ ಪರದೆಯ ಮೇಲೆ ಕಣ್ಣಿನ ಕೆಳಗೆ ಸೂಜಿ ಇಳಿಯುವುದನ್ನು ತೋರಿಸಿದರೆ ಒಬ್ಬಿಬ್ಬರು ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ. ಅಂದರೆ ‘ಜನ ಮೂರ್ಛೆ ಹೋದರು’ ಎನ್ನುವುದು ಚಿತ್ರದ ಶ್ರೇಷ್ಠತೆಗೂ ಪುರಾವೆಯಲ್ಲ, ನೀಚತನಕ್ಕೂ ಅಲ್ಲ.

ಇಂಥವರಿಗೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಬಳಕೆಗೆ ತಂದ ಒಂದು ಅಭ್ಯಾಸವಿದೆ: ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿಹಿಡಿಯುವುದು, ಮುಖ ಬಿಸಿಯಾದಂತೆ ಅನಿಸಿದಾಗ ಸಡಿಲಿಸುವುದು, ಮತ್ತೆ ಮಾಡುವುದು. ರಕ್ತದೊತ್ತಡ ಕುಸಿಯದಂತೆ ತಡೆಯುವುದೇ ಗುರಿ. ರಕ್ತ ಕೊಡಲು ಹೋಗುವಾಗಲೂ ಉಪಯೋಗಕ್ಕೆ ಬರುತ್ತದೆ.

‘ಎಲ್ಲಾ ಕನಸು’ ಎನ್ನುವವರು

ನೋಡಿದವರ ನಡುವೆ ಮುಗಿಯದ ಜಗಳ ಇದು. ಮದ್ದು ಕುಡಿದು ಬಿದ್ದ ಅವೊಯಾಮಾಗೆ ಒಂದು ಉದ್ದನೆಯ ಭ್ರಮೆಯ ಭಾಗ ಬರುತ್ತದೆ. ಚೀಲದಿಂದ ಪಾದ, ನಾಲಿಗೆ, ಬೆರಳು ಕಳೆದುಕೊಂಡ ಮನುಷ್ಯ ತೆವಳಿ ಬರುವುದು ಅಲ್ಲೇ. ಅದೇ ಭ್ರಮೆಯಲ್ಲಿ ಅಸಾಮಿಯ ಜಾಗದಲ್ಲಿ ಅವನ ಆಫೀಸಿನ ಹುಡುಗಿಯೂ, ಮಗನ ಗೆಳತಿಯೂ ಕಾಣಿಸಿಕೊಳ್ಳುತ್ತಾರೆ. ಹಾಗಾಗಿ ಚಿತ್ರಹಿಂಸೆಯೆಲ್ಲ ಅವನ ಪಾಪಪ್ರಜ್ಞೆಯ ಸೃಷ್ಟಿ ಎಂದು ಓದುವವರಿದ್ದಾರೆ. ಆಧಾರವಿಲ್ಲದ ಓದೇನಲ್ಲ.

ನನಗೆ ಅದು ಒಪ್ಪಿಗೆಯಾಗುವುದಿಲ್ಲ, ಕಾರಣ ಚಿತ್ರದೊಳಗೇ ಇದೆ. ಹಿಂಸೆ ತುದಿಗೇರಿದಾಗ ಅವೊಯಾಮಾ ತಟ್ಟನೆ ಹೋಟೆಲಿನ ಹಾಸಿಗೆಯಲ್ಲಿ ಎಚ್ಚರಗೊಳ್ಳುತ್ತಾನೆ, ಪಕ್ಕದಲ್ಲಿ ಅಸಾಮಿ. ಕಾಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇದೆ! ಇಡೀ ಹಾಲ್ ಉಸಿರು ಬಿಡುವ ಗಳಿಗೆ ಅದು. ಸ್ವಲ್ಪ ಹೊತ್ತಿಗೇ ಮೀಕೆ ಅದನ್ನು ಕಿತ್ತುಕೊಂಡು ನಮ್ಮನ್ನು ಮತ್ತೆ ಅದೇ ನೆಲದ ಮೇಲೆ ಬೀಳಿಸುತ್ತಾನೆ. ಕನಸಿನ ಆಸೆಯನ್ನು ತಾನೇ ಕೊಟ್ಟು ತಾನೇ ಕಸಿದುಕೊಂಡ ಚಿತ್ರವನ್ನು ‘ಕನಸು’ ಎಂದು ಮಡಿಸಿಡುವುದು ನೋಡುಗನ ಸಮಾಧಾನಕ್ಕೆ ಮಾತ್ರ. ಆ ಸಮಾಧಾನ ಬೇಕಾಗುವಷ್ಟು ಏಟು ಬಿದ್ದಿದೆ ಎಂಬುದೂ ಒಂದು ಪ್ರತಿಕ್ರಿಯೆಯೇ, ಅದನ್ನು ಹಾಗೇ ಬರೆಯಿರಿ.

ಹೆಣ್ಣಿನ ಸೇಡಿನ ಕಥೆಯೋ, ಹೆಣ್ಣನ್ನು ಕಂಡರೆ ಗಂಡಿಗಿರುವ ಭಯದ ಕಥೆಯೋ ಎಂಬ ಚರ್ಚೆಗೆ ಎರಡೂ ಕಡೆ ಸಾಕಷ್ಟು ಸಾಮಗ್ರಿ ಇದೆ. ಬಾಲ್ಯದಲ್ಲಿ ಮಲತಂದೆಯ ಕೈಯಲ್ಲಿ ಸುಟ್ಟ ಗಾಯ ಪಡೆದವಳು, ಮೋಸದ ಆಡಿಷನ್‌ಗೆ ಬಲಿಯಾದವಳು ಅಸಾಮಿ. ಆದರೆ ಅವಳ ಬೇಡಿಕೆ ನ್ಯಾಯವಲ್ಲ. ‘ನನ್ನೊಬ್ಬಳನ್ನೇ ಪ್ರೀತಿಸು’ ಎನ್ನುತ್ತಾಳೆ, ಮಗನ ಮೇಲಿನ ಪ್ರೀತಿಯನ್ನೂ ಸಹಿಸುವುದಿಲ್ಲ. ಸೇಡಿನ ಓದು ಎಡವುವುದು ಈ ಮಗನ ಮೇಲೆ.

ಹೆಸರು ಕೆಟ್ಟ ಮೇಲೆ ನೋಡುವವರು

ರಾಟರ್‌ಡ್ಯಾಮ್‌ನವರಿಗೆ ಇಲ್ಲದ ಒಂದು ಸೌಲಭ್ಯ ನಮಗಿದೆ. ಸಿರಿಂಜ್ ಹಿಡಿದ ಅಸಾಮಿಯ ಚಿತ್ರವನ್ನು ಪೋಸ್ಟರಿನಲ್ಲೇ ನೋಡಿ ಕೂರುತ್ತೇವೆ. ಆಗ ಪ್ರತಿಕ್ರಿಯೆಯೇ ತಿರುಗುಮುರುಗು: ಮೊದಲ ಗಂಟೆ ‘ಬೋರು, ಏನೂ ಆಗಲ್ಲ’ ಎನ್ನುತ್ತಾರೆ, ಕೊನೆಗೆ ‘ಇಷ್ಟೇನಾ’ ಎನ್ನುತ್ತಾರೆ. ಹಗುರವಾದ ಸಂಸಾರದ ಕಥೆ ನೋಡುತ್ತಿದ್ದೇನೆ ಎಂದು ನಂಬಿ ಕೂತವನಿಗೆ ಮಾಡಿದ ಚಿತ್ರವನ್ನು ಸೂಜಿಗಾಗಿ ಗಡಿಯಾರ ನೋಡುತ್ತ ಕೂತವನು ನೋಡಿದರೆ ಬೇರೇನಾದೀತು?

ಮೀಕೆಯ ಹೆಸರೇ ಮುಂದೆ ಜಾಹೀರಾತಾಯಿತು. 2001ರಲ್ಲಿ ಟೊರಾಂಟೊ ಉತ್ಸವದ ಮಧ್ಯರಾತ್ರಿಯ ಪ್ರದರ್ಶನದಲ್ಲಿ ‘ಇಚಿ ದ ಕಿಲ್ಲರ್’ ನೋಡಲು ಬಂದವರಿಗೆ ವಾಂತಿ ಚೀಲ ಹಂಚಿದರು. ಚೀಲ ಕೈಗೆ ಕೊಟ್ಟ ಮೇಲೆ ಯಾರೂ ಮೋಸಹೋಗಿ ಒಳಗೆ ಬಂದವರಲ್ಲ, ಪಂಥಕ್ಕೆ ಬಂದವರು. 2006ರಲ್ಲಿ ಅಮೆರಿಕದ ಶೋಟೈಮ್ ವಾಹಿನಿ ತನ್ನ ‘ಮಾಸ್ಟರ್ಸ್ ಆಫ್ ಹಾರರ್’ ಸರಣಿಗೆ ತಾನೇ ಮೀಕೆಯಿಂದ ಮಾಡಿಸಿದ ‘ಇಂಪ್ರಿಂಟ್’ ಎಂಬ ಒಂದು ಗಂಟೆಯ ಕಂತನ್ನು ಪ್ರಸಾರ ಮಾಡದೆ ತಡೆಹಿಡಿಯಿತು. ಅದು ನೇರ ಡಿವಿಡಿಗೆ ಬಂತು.